ತೆನೆ ಬಲಿಯುವ ಕಾಲ

ನಮ್ಮ ಕಾಲೇಜಿನಿಂದ ನಿವೃತ್ತರಾಗಿದ್ದ ಹಿರಿಯ ಅಧ್ಯಾಪಕರೊಬ್ಬರು ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಅವರು ಕ್ರೈಸ್ತರು. ಇಗರ್ಜಿಯಲ್ಲಿ ನಡೆದ ಅಂತಿಮ ಪ್ರಾರ್ಥನೆಗೆ ನಾವು ಸಹೋದ್ಯೋಗಿಗಳೆಲ್ಲ ಹೋಗಿ ಹಿಂದಿನ ಬೆಂಚುಗಳಲ್ಲಿ ಕುಳಿತಿದ್ದೆವು. ಕೊನೆಗೆ ಹಾಡಿದ್ದು ‘ಅಮೇಜಿಂಗ್ ಗ್ರೇಸ್’ ಎಂಬ ಇಂಗ್ಲಿಷ್ ಕೀರ್ತನೆ. ಆ ಧಾಟಿಯನ್ನು ಒಮ್ಮೆಯೂ ಕೇಳದ ಪೇಟೆಯವರು ಈಗ ಸಿಕ್ಕುವುದು ಕಷ್ಟ. ಮರುದಿನ ತರಗತಿಯಲ್ಲಿ ಭಕ್ತಿಸಾಹಿತ್ಯದ ಪಾಠವೇ ಇದ್ದುದರಿಂದ, ಆ ಕೀರ್ತನೆ ಹುಟ್ಟಿದ ಕಥೆಯನ್ನು ಹುಡುಗರಿಗೆ ಹೇಳಿದೆ. ಅದಕ್ಕೆ ಮೊದಲೂ ಎಷ್ಟೋ ವರ್ಷ ಹೇಳಿದ್ದ ಕಥೆಯೇ. ಗುಲಾಮರನ್ನು ತುಂಬಿಕೊಂಡು ಹೋಗುತ್ತಿದ್ದ ಹಡಗಿನ ಕಪ್ತಾನನೊಬ್ಬ ಬಿರುಗಾಳಿಗೆ ಸಿಕ್ಕಿದ, ದೇವರನ್ನು ಕೂಗಿದ, ಬದುಕಿಕೊಂಡ, ಅಂದೇ ಆ ವ್ಯಾಪಾರಕ್ಕೆ ಕೈಮುಗಿದು ಪಾದ್ರಿಯಾದ, ಈ ಹಾಡು ಬರೆದ.

ಕಥೆ ಮುಗಿದಾಗ ತರಗತಿ ಮೌನವಾಗಿತ್ತು. ಹೇಳುವವನಿಗೆ ಇದಕ್ಕಿಂತ ಸುಖ ಬೇರೆ ಯಾವುದು? ಆಗ ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಆ ಹಡಗಿನೊಳಗೆ ಇದ್ದರಲ್ಲ, ಅವರೆಲ್ಲ ಏನಾದರು?” ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಗಂಟೆ ಹೊಡೆದದ್ದು ನನ್ನ ಪುಣ್ಯ.

ಅಂದಿನಿಂದ ಬಿಡುವಾದಾಗಲೆಲ್ಲ ಆ ಮನುಷ್ಯನ ಬರಹಗಳನ್ನು ಓದತೊಡಗಿದೆ. ಅವನ ಹೆಸರು ಜಾನ್ ನ್ಯೂಟನ್. ಸೇಬಿನ ಹಣ್ಣಿನ ನ್ಯೂಟನ್ ಅಲ್ಲ. ಆ ಮಹಾಶಯ ೧೭೨೭ರಲ್ಲಿ ತೀರಿಕೊಂಡಾಗ ಇವನು ಇನ್ನೂ ಎರಡು ತುಂಬದ ಕೂಸು. ೧೭೨೫ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ತಂದೆ ಹಡಗಿನ ಯಜಮಾನ. ತಾಯಿ ದೈವಭಕ್ತೆ; ಮಗನಿಗೆ ಏಳು ತುಂಬುವುದರೊಳಗೆ ಕ್ಷಯದಿಂದ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿಗೆ ಹುಡುಗ ಸಮುದ್ರ ಸೇರಿದ. ೧೭೪೪ರಲ್ಲಿ ಯುದ್ಧನೌಕೆಯ ಜನ ಅವನನ್ನು ಬಲವಂತವಾಗಿ ಹಿಡಿದೊಯ್ದರು. ತಪ್ಪಿಸಿಕೊಂಡು ಓಡಿದ, ಸಿಕ್ಕಿಬಿದ್ದ, ಎಲ್ಲರೆದುರು ಚಾಟಿಯೇಟು ತಿಂದ. ಆಮೇಲೆ ಆಫ್ರಿಕದ ಪಶ್ಚಿಮ ಕರಾವಳಿಗೆ ಬಂದು, ಸಿಯೆರಾ ಲಿಯೋನಿನ ಬಳಿಯ ಒಂದು ದ್ವೀಪದಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಸೇರಿಕೊಂಡ. ಅಲ್ಲಿ ಜ್ವರ ಹಿಡಿದು ಮಲಗಿದಾಗ ಯಜಮಾನನ ಮನೆಯಾಕೆ ಅನ್ನ ನೀರಿಗೂ ಗತಿಯಿಲ್ಲದಂತೆ ಮಾಡಿದಳು. ಆಗ ಕಾಲಿಗೆ ಸಂಕೋಲೆ ಬಿದ್ದಿದ್ದ ಗುಲಾಮರು ತಮ್ಮ ಪಾಲಿನ ಅರೆಹೊಟ್ಟೆಯ ಊಟದಲ್ಲೇ ಒಂದಿಷ್ಟು ಉಳಿಸಿ, ಯಾರ ಕಣ್ಣಿಗೂ ಬೀಳದಂತೆ ತಂದು ಅವನಿಗೆ ಕೊಟ್ಟರು. ಇದನ್ನು ಅವನೇ ಬರೆದಿಟ್ಟಿದ್ದಾನೆ. ಓದುಗರು ಈ ಸಂಗತಿಯನ್ನು ಮರೆಯಬಾರದು. ಅವನು ಬಹಳ ಕಾಲ ಮರೆತಿದ್ದ.

ತಂದೆಯ ಸ್ನೇಹಿತನ ಹಡಗೊಂದು ಅವನನ್ನು ಅಲ್ಲಿಂದ ಬಿಡಿಸಿ ಊರ ಕಡೆಗೆ ಹೊರಟಿತು. ದಾರಿಯಲ್ಲಿ ಹೊತ್ತು ಕಳೆಯಲೆಂದು ಅವನು ಕೈಗೆತ್ತಿಕೊಂಡ ಪುಸ್ತಕ, ಥಾಮಸ್ ಆ ಕೆಂಪಿಸ್ ಎಂಬ ಸನ್ಯಾಸಿಯದೆಂದು ಪ್ರಸಿದ್ಧವಾದ ‘ಕ್ರಿಸ್ತಾನುಕರಣೆ’. ೧೭೪೮ರ ಮಾರ್ಚಿಯಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಬಿರುಗಾಳಿ ಎದ್ದಿತು. ಹಡಗಿನ ಒಂದು ಮಗ್ಗುಲು ಸೀಳಿ ನೀರು ನುಗ್ಗಿತು. ಬೆಳಗಿನ ಜಾವದಿಂದ ಪಂಪು ಒತ್ತಿ ಒತ್ತಿ ಸೋತು, ಆಮೇಲೆ ನಡುರಾತ್ರಿಯವರೆಗೆ ಚುಕ್ಕಾಣಿ ಹಿಡಿದು ನಿಂತ ನ್ಯೂಟನ್, ತಾನು ಇಷ್ಟು ದಿನ ಹಾಸ್ಯ ಮಾಡುತ್ತಿದ್ದ ದೇವರನ್ನು ನೆನೆದ. ಹಡಗು ಹೇಗೋ ಐರ್ಲೆಂಡಿನ ದಡ ಮುಟ್ಟಿತು. ಮಾರ್ಚಿ ೨೧ನೆಯ ದಿನವನ್ನು ಅವನು ಬದುಕಿರುವವರೆಗೂ ಹುಟ್ಟುಹಬ್ಬದಂತೆ ಆಚರಿಸಿದ. ಅವನ ದಿನಚರಿಯ ಕೊನೆಯ ಬರಹವೂ ೧೮೦೫ರ ಅದೇ ದಿನದ್ದು.

ಇಷ್ಟಕ್ಕೆ ನಿಲ್ಲಿಸಿದರೆ ನಾನು ಹೇಳುತ್ತಿದ್ದ ಕಥೆ ಬಹುಮಟ್ಟಿಗೆ ಸರಿ. ಆದರೆ ಬಿರುಗಾಳಿಗೆ ಸಿಕ್ಕ ಆ ಹಡಗಿನಲ್ಲಿದ್ದ ಸರಕು ಚಿನ್ನ, ಆನೆಯ ದಂತ, ಜೇನುಮೇಣ, ಬಣ್ಣದ ಮರ. ಅದರಲ್ಲಿ ಗುಲಾಮರೇ ಇರಲಿಲ್ಲ. ಅವನು ಆಗ ಕಪ್ತಾನನೂ ಅಲ್ಲ. ಗುಲಾಮರನ್ನು ತುಂಬಿದ ಹಡಗುಗಳನ್ನು ಅವನು ನಡೆಸಿದ್ದು ದೇವರು ದೊರೆತ ಮೇಲೆ. ಆ ವರ್ಷವೇ ಒಂದು ಗುಲಾಮರ ಹಡಗಿನಲ್ಲಿ ಕಪ್ತಾನನ ಕೈಕೆಳಗಿನ ಅಧಿಕಾರಿಯಾಗಿ ಹೊರಟ. ೧೭೫೦ರಿಂದ ೧೭೫೪ರವರೆಗೆ ತಾನೇ ಕಪ್ತಾನನಾಗಿ ಮೂರು ಸಲ ಹೋಗಿಬಂದ. ಆಫ್ರಿಕದಲ್ಲಿ ಕೊಂಡವರನ್ನು ಆಂಟಿಗುವಾ, ಸೇಂಟ್ ಕಿಟ್ಸ್ ದ್ವೀಪಗಳ ಕಬ್ಬಿನ ತೋಟದವರಿಗೆ ಮಾರಿದ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇದು.

ಅವನ ಹಡಗಿನ ದಿನಚರಿ ಉಳಿದಿದೆ, ೧೯೬೨ರಲ್ಲಿ ಅಚ್ಚಾಯಿತು. ಅದನ್ನು ಓದುವುದು ಕಷ್ಟದ ಕೆಲಸ. ಬರವಣಿಗೆ ಕಠಿಣವೆಂದಲ್ಲ, ಬಹಳ ಶಾಂತವಾಗಿದೆ ಎಂದು. ಗಾಳಿ ಯಾವ ದಿಕ್ಕಿನದು, ಹಾಯಿ ಎಲ್ಲಿ ಹರಿಯಿತು, ಅಕ್ಕಿ ಎಷ್ಟು ಕೊಂಡದ್ದು, ಇವುಗಳ ನಡುವೆ, ಸತ್ತವರನ್ನು ಸಮುದ್ರಕ್ಕೆ ಹಾಕಿದ ಲೆಕ್ಕ. ಸತ್ತವರಿಗೆ ಹೆಸರಿಲ್ಲ, ಸಂಖ್ಯೆಯಿದೆ. ೧೭೫೨ರಲ್ಲಿ ಬಂಡಾಯದ ಸುಳಿವು ಸಿಕ್ಕಿದಾಗ, ಹುಡುಗರಿಂದ ನಿಜ ಹೊರಡಿಸಲು ಅವರ ಹೆಬ್ಬೆರಳುಗಳಿಗೆ ತಿರುಪಿನ ಯಂತ್ರ ಹಾಕಿಸಿದ್ದನ್ನೂ ಅದೇ ದನಿಯಲ್ಲಿ ಬರೆದುಕೊಂಡಿದ್ದಾನೆ. ಭಾನುವಾರಗಳಂದು ನಾವಿಕರನ್ನು ಸೇರಿಸಿ ಪ್ರಾರ್ಥನೆ ಮಾಡಿಸುತ್ತಿದ್ದ ಕಪ್ತಾನನೂ ಇವನೇ. ಹೆಂಡತಿ ಮೇರಿಗೆ ಬರೆದ ಕಾಗದಗಳಲ್ಲಿ ಪ್ರೀತಿ ಉಕ್ಕುತ್ತದೆ, ಭಕ್ತಿ ಉಕ್ಕುತ್ತದೆ. ಕಡೆಯ ಎರಡು ಆಫ್ರಿಕ ಪ್ರಯಾಣಗಳಲ್ಲಿ ದೊರೆತಷ್ಟು ಮಧುರವಾದ ದೈವಸಾನ್ನಿಧ್ಯ ತನಗೆ ಬೇರೆಲ್ಲೂ ದೊರೆಯಲಿಲ್ಲವೆಂದು ಮುಂದೆ ಆತ್ಮಕಥೆಯಲ್ಲಿ ಬರೆದ. ಮೇಲೆ ಅವನು ಮೊಣಕಾಲೂರಿದ್ದಾನೆ. ಕಾಲ ಕೆಳಗೆ, ಹಲಗೆಯ ಅಡಿಯಲ್ಲಿ, ಜನ ಸಂಕೋಲೆಯಲ್ಲಿದ್ದಾರೆ. ಅವನಿಗೆ ತನ್ನ ಕೆಲಸ ಜೈಲರನ ಕೆಲಸದಂತೆ ತೋರಿತ್ತು. ಇದಕ್ಕಿಂತ ಮೃದುವಾದ ಉದ್ಯೋಗ ಕೊಡು ಎಂದು ದೇವರನ್ನು ಬೇಡಿದ್ದೂ ಉಂಟು. ಆದರೆ ಅದು ಪಾಪವೆಂದು ತೋರಲಿಲ್ಲ.

ಆ ವ್ಯಾಪಾರವನ್ನು ಬಿಟ್ಟದ್ದಾದರೂ ಹೇಗೆ? ಬಿಡಿಸಿದ್ದು ಮನಸ್ಸಾಕ್ಷಿಯಲ್ಲ, ಕಾಯಿಲೆ. ೧೭೫೪ರ ನವೆಂಬರಿನಲ್ಲಿ, ಮತ್ತೆ ಹೊರಡಲು ಎರಡು ದಿನವಿರುವಾಗ, ಚಹಾ ಕುಡಿಯುತ್ತ ಕುಳಿತಿದ್ದವನು ಪ್ರಜ್ಞೆ ತಪ್ಪಿ ಬಿದ್ದ. ವೈದ್ಯರು ಸಮುದ್ರ ಬೇಡವೆಂದರು. ಲಿವರ್‌ಪೂಲ್ ಬಂದರಿನ ಸುಂಕದ ಕಟ್ಟೆಯಲ್ಲಿ ನೌಕರಿ ಸಿಕ್ಕಿತು. ಗ್ರೀಕ್, ಹೀಬ್ರೂ ಕಲಿತ. ಪಾದ್ರಿಯಾಗಬೇಕೆಂದು ವರ್ಷಗಟ್ಟಲೆ ಅಲೆದು, ೧೭೬೪ರಲ್ಲಿ ಓಲ್ನಿ ಎಂಬ ಸಣ್ಣ ಊರಿನ ಇಗರ್ಜಿಗೆ ಬಂದ. ಅಲ್ಲಿ ಕವಿ ವಿಲಿಯಂ ಕೌಪರನ ಸ್ನೇಹವಾಯಿತು; ಇಬ್ಬರೂ ಸೇರಿ ಬರೆದ ಕೀರ್ತನೆಗಳು ೧೭೭೯ರಲ್ಲಿ ಪುಸ್ತಕವಾದವು. ‘ಅಮೇಜಿಂಗ್ ಗ್ರೇಸ್’ ೧೭೭೩ರ ಹೊಸವರ್ಷದ ದಿನದ ಪ್ರವಚನಕ್ಕೆಂದು ಬರೆದದ್ದು. ಈಗ ನಾವು ಕೇಳುವ ಧಾಟಿ ಅದಕ್ಕೆ ಕೂಡಿಕೊಂಡದ್ದು ೧೮೩೫ರಲ್ಲಿ, ಅಮೆರಿಕದಲ್ಲಿ. ಹಾಡಿನಲ್ಲಿ ಗುಲಾಮರ ಸುದ್ದಿ ಒಂದಕ್ಷರವೂ ಇಲ್ಲ.

ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು ಹಾಡಲ್ಲ, ಅವನ ಮೂರು ಕಾಗದಗಳು. ೧೭೭೪ರಲ್ಲಿ ‘ಓಮಿಕ್ರಾನ್’ ಎಂಬ ಗುಪ್ತನಾಮದಲ್ಲಿ ಅಚ್ಚಾದ ಪತ್ರಗಳ ಗುಚ್ಛದಲ್ಲಿ ಅವು ಇವೆ. ಮಾರ್ಕನ ಸುವಾರ್ತೆಯಲ್ಲಿ ಯೇಸು ಹೇಳುವ ಬಿತ್ತನೆಯ ಸಾಮ್ಯವೊಂದುಂಟು: ಬಿತ್ತಿದವನು ಮಲಗಿ ಏಳುತ್ತಿರುವಾಗಲೇ, ಅವನಿಗೆ ತಿಳಿಯದಂತೆ, ನೆಲದಿಂದ ಮೊದಲು ಗರಿ, ಆಮೇಲೆ ತೆನೆ, ಕಡೆಗೆ ತುಂಬಿದ ಕಾಳು ಬರುವ ಮಾತು. ಕ್ರೈಸ್ತ ಬಾಳಿನ ಬೆಳವಣಿಗೆಯನ್ನು ನ್ಯೂಟನ್ ಈ ಮೂರು ಹಂತಗಳಿಗೆ ಹೊಂದಿಸಿ ವಿವರಿಸಿದ್ದಾನೆ. ಮೊದಲ ಹಂತದವನದು ಹಂಬಲ. ಹಿಗ್ಗೂ ಹೆಚ್ಚು, ಅಳುಕೂ ಹೆಚ್ಚು. ಎರಡನೆಯವನದು ಹೋರಾಟ, ಶತ್ರುಗಳೆಲ್ಲ ಸತ್ತರೆಂದುಕೊಂಡವನಿಗೆ ತನ್ನ ಹೃದಯವೇ ಎಷ್ಟು ಮೋಸಗಾರನೆಂದು ಆಗ ತಿಳಿಯುತ್ತದೆ. ಮೂರನೆಯವನದು ಧ್ಯಾನ. ಈ ಮೂರನೆಯವನು ಮೊದಲಿಬ್ಬರಿಗಿಂತ ಬಲಶಾಲಿ ಎಂದು ನ್ಯೂಟನ್ ಹೇಳುವುದಿಲ್ಲ. ಅವನ ಭಾವಾವೇಶ ಮೊದಲಿನವನದಕ್ಕಿಂತ ಕಡಿಮೆಯೇ ಇರಬಹುದು. ತನ್ನ ಸ್ವಂತದ್ದೆಂಬ ಬಲ ಯಾವುದೂ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಾಗಿರುತ್ತದೆ; ಅದರಿಂದ ಇತರರ ವಿಷಯದಲ್ಲಿ ಮೆತ್ತಗಾಗಿರುತ್ತಾನೆ.

ಕನ್ನಡದ ಮೇಷ್ಟರಾದ ನನಗೆ ಇಲ್ಲಿ ಷಟ್‌ಸ್ಥಲ ನೆನಪಾಗದೆ ಇರಲಿಲ್ಲ. ಆದರೆ ಕಂಡದ್ದನ್ನೆಲ್ಲ ಹೋಲಿಸಿ ನೋಡುವುದು ನಮ್ಮ ಕಸುಬಿನ ರೋಗ. ಅದನ್ನು ಇಲ್ಲಿಗೆ ಬಿಡುತ್ತೇನೆ. ಅದಕ್ಕಿಂತ ನೆನಪಾದದ್ದು ನಮ್ಮೂರಿನ ಹೊಲ. ತೆನೆ ಹೊರಟ ಮಾತ್ರಕ್ಕೆ ಯಾವ ರೈತನೂ ಕುಡುಗೋಲು ತೆಗೆಯುವುದಿಲ್ಲ. ಕಾಳನ್ನು ಉಗುರಿನಿಂದ ಒತ್ತಿ ನೋಡುತ್ತಾನೆ. ಹಾಲು ಚಿಮ್ಮಿದರೆ ಇನ್ನೂ ಕಾಯಬೇಕು. ದೂರದಿಂದ ನೋಡುವವನಿಗೆ ಹಾಲುಗಾಳಿನ ಹೊಲವೂ ಬಲಿತ ಹೊಲವೂ ಒಂದೇ.

ಈ ಪತ್ರಗಳನ್ನು ಓದಿ, ನೀವೇ ಆ ಮೂರನೆಯ ಹಂತದವರು ಎಂದು ಯಾರೋ ಹೊಗಳಿದಾಗ, ಆ ಹಂತದವನ ಒಂದು ಲಕ್ಷಣ ಬರೆಯಲು ಮರೆತೆ, ಅವನಿಗೆ ತನ್ನ ಮುಖದ ಗುರುತು ಇರುವುದಿಲ್ಲ ಎಂದು ನ್ಯೂಟನ್ ಉತ್ತರಿಸಿದನೆಂಬ ಮಾತು ಪ್ರಚಾರದಲ್ಲಿದೆ. ಸೊಗಸಾದ ಮಾತು. ಆದರೆ ಇಸವಿಗಳನ್ನು ಎದುರಿಗಿಟ್ಟುಕೊಂಡು ಕುಳಿತಾಗ ಅದು ಬೇರೆಯದೇ ರೀತಿಯಲ್ಲಿ ಚುಚ್ಚಿತು. ಮಾಗುವುದೆಂದರೇನೆಂದು ಇಷ್ಟು ಸೂಕ್ಷ್ಮವಾಗಿ ಬಲ್ಲವನು, ತಾನು ಕೊಂಡು ಮಾರಿದ ಜನರ ವಿಷಯದಲ್ಲಿ ಊರಿಗೆ ಕೇಳುವಂತೆ ಇನ್ನೂ ಒಂದು ಮಾತು ಆಡಿರಲಿಲ್ಲ. ಕಾಲವೇ ಹಾಗಿತ್ತು ಎಂದು ಹೇಳಿ ಜಾರಿಕೊಳ್ಳಬಹುದೆ? ಫಿಲಡೆಲ್ಫಿಯಾದ ಕ್ವೇಕರರು ೧೭೫೮ರಲ್ಲೇ ತಮ್ಮವರು ಗುಲಾಮರನ್ನು ಕೊಳ್ಳುವುದರ, ಮಾರುವುದರ ವಿರುದ್ಧ ನಿಂತಿದ್ದರು. ನ್ಯೂಟನ್ನನ ಪರಿಚಯದ ಜಾನ್ ವೆಸ್ಲಿ ಗುಲಾಮಗಿರಿಯನ್ನು ಖಂಡಿಸಿ ಪುಸ್ತಕ ಬರೆದದ್ದು ೧೭೭೪ರಲ್ಲಿ, ಈ ಪತ್ರಗಳು ಅಚ್ಚಾದ ವರ್ಷವೇ. ಕೇಳುವ ಕಿವಿಗೆ ದನಿ ಇತ್ತು.

೧೭೮೦ರಲ್ಲಿ ಅವನು ಲಂಡನ್ನಿನ ಸೇಂಟ್ ಮೇರಿ ವುಲ್ನೋತ್ ಇಗರ್ಜಿಗೆ ಬಂದ. ೧೭೮೫ರ ಡಿಸೆಂಬರಿನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ತರುಣ ಪಾರ್ಲಿಮೆಂಟ್ ಸದಸ್ಯ, ಯಾರಿಗೂ ತಿಳಿಯದಂತೆ ಅವನನ್ನು ಕಾಣಲು ಬಂದ. ದೇವರ ಕಡೆ ಮನಸ್ಸು ತಿರುಗಿದೆ, ರಾಜಕೀಯ ಬಿಡಬೇಕೆ ಎಂಬ ತೊಳಲಾಟ ಅವನದು. ಬಿಡಬೇಡ, ಅಲ್ಲಿದ್ದೇ ಸೇವೆ ಮಾಡು ಎಂದ ಮುದುಕ. ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಲಂಡನ್ನಿನಲ್ಲಿ ಸಂಘ ಕಟ್ಟಿದ್ದು ೧೭೮೭ರಲ್ಲಿ. ಮರುವರ್ಷ, ಸಮುದ್ರ ಬಿಟ್ಟು ೩೪ ವರ್ಷವಾದ ಮೇಲೆ, ನ್ಯೂಟನ್ ‘ಆಫ್ರಿಕದ ಗುಲಾಮ ವ್ಯಾಪಾರವನ್ನು ಕುರಿತ ಆಲೋಚನೆಗಳು’ ಎಂಬ ಕಿರುಹೊತ್ತಗೆಯನ್ನು ತನ್ನ ಹೆಸರು ಹಾಕಿಯೇ ಪ್ರಕಟಿಸಿದ. ಆಗ ಅವನಿಗೆ ೬೨ ವರ್ಷ.

ಇಲ್ಲಿ ಕೀರ್ತನಕಾರನ ಭಾಷೆ ಇಲ್ಲ. ಹಡಗಿನ ತಳದ ಕೋಣೆಯ ಎತ್ತರ ಐದು ಅಡಿ, ಕೆಲವು ಕಡೆ ಅದಕ್ಕೂ ಕಡಿಮೆ. ಅದರ ನಡುವೆಯೂ ಹಲಗೆ ಹೊಡೆದು ಎರಡು ಅಂತಸ್ತು ಮಾಡಿ, ಕಪಾಟಿನಲ್ಲಿ ಪುಸ್ತಕ ಒತ್ತಿದಂತೆ ಜನರನ್ನು ಮಲಗಿಸುವುದು. ಇಬ್ಬಿಬ್ಬರನ್ನು ಸೇರಿಸಿ ಬೇಡಿ ಹಾಕಿರುವುದರಿಂದ ಒಬ್ಬ ಮಗ್ಗುಲು ಹೊರಳಿದರೆ ಇನ್ನೊಬ್ಬನಿಗೆ ಗಾಯ. ಬೆಳಿಗ್ಗೆ ನೋಡಿದರೆ ಬದುಕಿದವನೂ ಸತ್ತವನೂ ಒಂದೇ ಬೇಡಿಯಲ್ಲಿ. ಹೆಬ್ಬೆರಳಿನ ತಿರುಪಿನ ವಿಷಯವೂ ಅಲ್ಲಿದೆ. ಹೆಂಗಸರಿಗೆ ಆಗುತ್ತಿದ್ದುದೂ ಇದೆ. ಬಹಿರಂಗವಾಗಿ ತಪ್ಪೊಪ್ಪಿಕೊಂಡು ನಾಚಿಕೆಪಡುವುದು ತನ್ನ ಕರ್ತವ್ಯವೆಂದೂ, ಆದರೆ ಈ ಒಪ್ಪಿಗೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಆದ ಕೇಡನ್ನು ಸರಿಪಡಿಸಲಾರದಷ್ಟು ತಡವಾಗಿ ಬಂದಿದೆಯೆಂದೂ ಅವನೇ ಬರೆಯುತ್ತಾನೆ. ದೇವರು ಕ್ಷಮಿಸಿದ್ದಾನೆ ಎಂಬ ನಂಬಿಕೆಯನ್ನು ಆ ಮಾತಿಗೆ ಅಡ್ಡ ತರುವುದಿಲ್ಲ. ಮುಂದೆ ಸರ್ಕಾರದ ಸಮಿತಿಯ ಎದುರಿಗೂ ಪಾರ್ಲಿಮೆಂಟಿನ ಸಮಿತಿಯ ಎದುರಿಗೂ ನಿಂತು ಸಾಕ್ಷಿ ಹೇಳಿದ.

ನನಗೆ ತೋರುವುದಿಷ್ಟು. ಓಲ್ನಿಯ ಪತ್ರಗಳಲ್ಲಿ ಅವನು ವರ್ಣಿಸಿದ ಮೂರನೆಯ ಹಂತ ಅವನಿಗೆ ದೊರೆತದ್ದೇ ಆದರೆ, ಅದು ಆ ಪತ್ರಗಳನ್ನು ಬರೆದಾಗ ಅಲ್ಲ, ಈ ಕಿರುಹೊತ್ತಗೆಯಲ್ಲಿ. ಪತ್ರಗಳಲ್ಲಿ ತನ್ನ ಹೃದಯ ಮೋಸದ್ದೆಂದು ಹೇಳಿದ್ದ. ಯಾವ ಮೋಸ, ಯಾರಿಗೆ ಮಾಡಿದ್ದು ಎಂದು ಹೇಳಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು. ಪಾಪಿ ನಾನು ಎನ್ನುವುದು ಅಷ್ಟು ಕಷ್ಟವಲ್ಲ. ನಮ್ಮ ಭಕ್ತಿಗೀತೆಗಳಲ್ಲೂ ದಿನಬೆಳಗಾದರೆ ಹಾಡುತ್ತೇವೆ. ಇಂಥ ಇಸವಿಯಲ್ಲಿ, ಇಂಥ ಹಡಗಿನಲ್ಲಿ, ಇಂಥ ಹುಡುಗರ ಬೆರಳಿಗೆ ಎನ್ನುವುದು ಬೇರೆ. ಇದರಿಂದ ಆಂಟಿಗುವಾದಲ್ಲಿ ಮಾರಿಹೋದವರಿಗೆ ಏನೂ ಆಗಲಿಲ್ಲ ಎಂಬ ಮಾತನ್ನೂ ಪಕ್ಕದಲ್ಲೇ ಇಡಬೇಕು. ಅವನೂ ಇಟ್ಟಿದ್ದಾನೆ.

ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ ಶಾಸನಕ್ಕೆ ೧೮೦೭ರ ಮಾರ್ಚಿ ೨೫ರಂದು ರಾಜನ ಅಂಕಿತ ಬಿತ್ತು. ಆಗ ನ್ಯೂಟನ್ನನಿಗೆ ಕಣ್ಣು ಮಂಜಾಗಿತ್ತು. ಅದೇ ವರ್ಷದ ಡಿಸೆಂಬರ್ ೨೧ರಂದು ತೀರಿಕೊಂಡ. ಸಮಾಧಿಯ ಕಲ್ಲಿಗೆ ಬೇಕಾದ ಬರಹವನ್ನು ಮೊದಲೇ ತಾನೇ ಸಿದ್ಧಮಾಡಿಟ್ಟಿದ್ದ. ಒಮ್ಮೆ ನಾಸ್ತಿಕನೂ ಸ್ವೇಚ್ಛಾಚಾರಿಯೂ ಆಗಿದ್ದವನು, ಆಫ್ರಿಕದಲ್ಲಿ ಗುಲಾಮರ ಸೇವಕನಾಗಿದ್ದವನು, ಕ್ರಿಸ್ತನ ಕರುಣೆಯಿಂದ ಉಳಿದು ಕ್ಷಮೆ ಪಡೆದವನು ಎಂಬುದು ಅದರ ಸಾರಾಂಶ. ದ್ವೀಪದಲ್ಲಿ ಉಪವಾಸ ಬಿದ್ದ ದಿನಗಳು ಅದರಲ್ಲಿ ಇವೆ. ಕಪ್ತಾನನಾಗಿದ್ದ ನಾಲ್ಕು ವರ್ಷ ಇಲ್ಲ.

ಕಲ್ಲಿನ ಈ ಬರಹವನ್ನು ಹಲವು ಸಲ ಓದಿದೆ. ಮುಂದಿನ ವರ್ಷ ಅದೇ ಪಾಠ ಬಂದಾಗ ಕಥೆಯನ್ನು ತಿದ್ದಿ ಹೇಳಿದೆ. ಹಿಂದೆ ತಪ್ಪು ಹೇಳಿದ್ದೆನೆಂದೂ ಸೇರಿಸಿದೆ. ಹುಡುಗರು ಬರೆದುಕೊಂಡರು. ಪ್ರಶ್ನೆ ಕೇಳಿದ್ದ ಹುಡುಗಿ ಅಷ್ಟರಲ್ಲಿ ಪದವಿ ಮುಗಿಸಿಕೊಂಡು ಹೋಗಿದ್ದಳು.