ತಾಪತ್ರಯದಲ್ಲಿ ಹುಟ್ಟಿದ ನಾದ

ಹವ್ಯಾಸಿ ಬೇಸ್ ಗಿಟಾರ್ ವಾದಕರು ಮೂವರು ಒಂದೆಡೆ ಸೇರಿದರೆ ಮಾತು ಹಾಡಿನಿಂದ ಶುರುವಾಗಿ ಹತ್ತೇ ನಿಮಿಷದಲ್ಲಿ ಸಾಮಾನಿಗೆ ಬಂದು ನಿಲ್ಲುತ್ತದೆ. 1965ಕ್ಕೆ ಮುಂಚಿನ ಫೆಂಡರ್ ಆದರೆ ಮಾತ್ರ ಬೇಸ್, ತಂತಿ ಚಪ್ಪಟೆ ಸುತ್ತಿನದೇ ಆಗಬೇಕು, ಆಂಪಿನೊಳಗೆ ವಾಲ್ವ್ ಉರಿಯದಿದ್ದರೆ ನಾದಕ್ಕೆ ಮೈಯೇ ಇಲ್ಲ. ಹೀಗೆ ಒಬ್ಬೊಬ್ಬರದು ಒಂದೊಂದು ಮಡಿ. ಈ ಮಡಿಯ ವಸ್ತುಗಳೆಲ್ಲ ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದವರಿಗೆ ಮಾತ್ರ ನಗು ತಡೆಯುವುದು ಕಷ್ಟ. ಇವತ್ತು ಲಕ್ಷಗಟ್ಟಲೆ ಸುರಿದು ಕೊಳ್ಳುವ ‘ಅಸಲಿ’ ನಾದಗಳಲ್ಲಿ ಬಹುಪಾಲು ಯಾರದೋ ತಾಪತ್ರಯದ ಫಲ. ಕೈಯಲ್ಲಿ ಕಾಸಿರಲಿಲ್ಲ, ಅಂಗಡಿಯಲ್ಲಿ ತಂತಿ ಸಿಗಲಿಲ್ಲ, ಡ್ರಮ್ ಬಾರಿಸುವವ ಇರಲಿಲ್ಲ, ಕಾರಿನಲ್ಲಿ ವಾದ್ಯ ಹಿಡಿಸಲಿಲ್ಲ.

ಮೊದಲ ತಾಪತ್ರಯ ಗಾತ್ರದ್ದು. 1930 ಮತ್ತು 40ರ ದಶಕಗಳ ಅಮೆರಿಕದ ಡಾನ್ಸ್ ಬ್ಯಾಂಡುಗಳಲ್ಲಿ ಡಬಲ್ ಬೇಸ್ ಹಿಡಿದವರ ಪಾಡು ಯಾರಿಗೂ ಬೇಡ. ಆಳೆತ್ತರದ ವಾದ್ಯ, ಊರಿಂದೂರಿಗೆ ಹೋಗುವಾಗ ಅದನ್ನು ಕಾರಿನ ತಲೆಯ ಮೇಲೆ ಕಟ್ಟಬೇಕು. ಅಷ್ಟು ಪಾಡುಪಟ್ಟು ವೇದಿಕೆ ಹತ್ತಿಸಿದರೆ ಟ್ರಂಪೆಟ್ಟು, ಡ್ರಮ್ಮುಗಳ ಅಬ್ಬರದಲ್ಲಿ ಅದು ಕೇಳಿಸುವುದೇ ಇಲ್ಲ. ಅದರ ತೀರ ಕೆಳಗಿನ ತಂತಿ ಕಂಪಿಸುವುದು ಸೆಕೆಂಡಿಗೆ 41 ಸಲ. ಅಷ್ಟು ತಗ್ಗಿನ ಸ್ವರಕ್ಕೆ ಮನುಷ್ಯನ ಕಿವಿ ಮಂದ. ಮಧ್ಯದ ಸ್ವರವೊಂದರಷ್ಟೇ ಜೋರಾಗಿ ಇದೂ ಕೇಳಿಸಬೇಕಾದರೆ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಸುರಿಯಬೇಕು. ಬೇಸ್ ವಾದಕರ ಬೆನ್ನಿಗೆ ಬಿದ್ದ ಈ ಶಾಪ ಇಂದಿಗೂ ಕಳಚಿಲ್ಲ.

ಇದಕ್ಕೆ ಮದ್ದು ಹುಡುಕಿದವರಲ್ಲಿ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಮೊದಲಿಗರಲ್ಲೊಬ್ಬರು. 1930ರ ದಶಕದ ನಡುವಿನಲ್ಲೇ ಅವರು ಆಡಿಯೊವಾಕ್ಸ್ ಎಂಬ ಹೆಸರಿನಲ್ಲಿ, ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ, ಕತ್ತಿನ ಮೇಲೆ ಸ್ವರಸ್ಥಾನ ಗುರುತಿಸುವ ಪಟ್ಟಿ, ಅಂದರೆ ಫ್ರೆಟ್, ಇರುವ ವಿದ್ಯುತ್ ಬೇಸ್ ಮಾಡಿ ಮಾರಿದರು. ಕೊಂಡವರು ಕಡಿಮೆ. ಕಾಲ ಕೂಡಿಬಂದದ್ದು ಇನ್ನೂ ಹದಿನೈದು ವರ್ಷದ ಮೇಲೆ, ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ.

ಅಲ್ಲಿ ರೇಡಿಯೊ ರಿಪೇರಿ ಅಂಗಡಿಯಿಂದ ಬದುಕು ಶುರುಮಾಡಿದ್ದ ಲಿಯೊ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅದೇ ಅನುಕೂಲವಾಯಿತೋ ಏನೋ. ವಾದ್ಯವನ್ನು ಅವರು ಕಂಡದ್ದು ಕೆಟ್ಟರೆ ಬಿಚ್ಚಿ ಸರಿಮಾಡಬೇಕಾದ ಸಾಮಾನಾಗಿ. 1951ರ ಕೊನೆಗೆ ಬಂದ ಪ್ರಿಸಿಷನ್ ಬೇಸ್ ಒಂದು ಮರದ ಹಲಗೆ, ಅದಕ್ಕೆ ಬೋಲ್ಟು ಹಾಕಿ ಕೂರಿಸಿದ ಕತ್ತು, ನಾಲ್ಕು ತಂತಿ. ತಂತಿಯ ಉದ್ದ ಡಬಲ್ ಬೇಸಿನಲ್ಲಿ ಸುಮಾರು 42 ಇಂಚಾದರೆ ಇದರಲ್ಲಿ 34. ಫ್ರೆಟ್ ಇದ್ದುದರಿಂದ ಗಿಟಾರ್ ಬಲ್ಲ ಯಾರೇ ಆದರೂ ಅಪಸ್ವರವಿಲ್ಲದೆ ನುಡಿಸಬಹುದಿತ್ತು. ಡಬಲ್ ಬೇಸಿನ ವಿದ್ವಾಂಸರು ಮೂಗು ಮುರಿದರು. ಲಯೊನೆಲ್ ಹ್ಯಾಂಪ್ಟನ್ ಬ್ಯಾಂಡಿನ ಮಾಂಕ್ ಮಾಂಟ್‌ಗೊಮರಿ ಕೂಡ ಮೊದಲು ಒಲ್ಲೆ ಒಲ್ಲೆ ಎನ್ನುತ್ತಲೇ ಇದನ್ನು ಕೈಗೆತ್ತಿಕೊಂಡವರು. ಆಮೇಲೆ ಇದರ ದೊಡ್ಡ ಪ್ರಚಾರಕರೇ ಆದರು. 1957ರಲ್ಲಿ ಎಲ್ವಿಸ್ ಪ್ರೆಸ್ಲಿ ಅವರ ‘ಜೈಲ್‌ಹೌಸ್ ರಾಕ್’ ಚಿತ್ರದ ಹಾಡೊಂದರ ಧ್ವನಿಮುದ್ರಣದಲ್ಲಿ ಅವರ ತಂಡದ ಬೇಸ್ ವಾದಕ ಬಿಲ್ ಬ್ಲಾಕ್ ಹೊಸ ವಾದ್ಯದ ಜೊತೆ ಗುದ್ದಾಡಿ, ಬೇಸತ್ತು, ಅದನ್ನು ಬಿಸುಟು ಎದ್ದುಹೋದರಂತೆ. ಆ ಹಾಡಿಗೆ ಬೇಸ್ ನುಡಿಸಿದವರು ಎಲ್ವಿಸ್ ಅವರೇ.

ವಾದ್ಯ ಬಂದರೆ ಸಾಲದು, ಅದನ್ನು ಕೇಳಿಸುವ ಪೆಟ್ಟಿಗೆಯೂ ಬೇಕಲ್ಲ. ಫೆಂಡರ್ 1952ರಲ್ಲಿ ಬಾಸ್‌ಮನ್ ಎಂಬ ಆಂಪ್ಲಿಫೈಯರ್ ತಂದರು. ದನಿ ಏರಿಸಿದರೆ ಅದು ಒಡೆದು ಗೊರಗುಟ್ಟುತ್ತಿತ್ತು. ಬೇಸ್ ವಾದಕರಿಗೆ ಅದು ಕಿರಿಕಿರಿ, ಗಿಟಾರ್ ವಾದಕರಿಗೆ ಅಮೃತ! 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಮತ್ತು ಅವರ ಸಂಗಡಿಗರು ಬಾಸ್‌ಮನ್ನಿನ 1950ರ ದಶಕದ ಕೊನೆಯ ಮಾದರಿಯನ್ನೇ ಹೆಚ್ಚುಕಡಿಮೆ ನಕಲು ಮಾಡಿ ತಮ್ಮ ಮೊದಲ ಆಂಪ್ ಕಟ್ಟಿದರು. ಲೋಕದ ರಾಕ್ ಗಿಟಾರುಗಳ ಅರ್ಧ ಗರ್ಜನೆ ಬೇಸ್‌ಗೆಂದು ಮಾಡಿ ಕೆಟ್ಟ ಪೆಟ್ಟಿಗೆಯ ಸಂತಾನ.

ಬೇಸ್ ವಾದಕರ ಕೈ ಹಿಡಿದದ್ದು ಆಂಪೆಗ್ ಕಂಪನಿ. ಅದನ್ನು ಕಟ್ಟಿದ ಎವರೆಟ್ ಹಲ್ ಸ್ವತಃ ಡಬಲ್ ಬೇಸ್ ವಾದಕರು, ಜಾಜ್ ಭಕ್ತರು. ರಾಕ್ ಅಂಡ್ ರೋಲ್ ಎಂದರೆ ಅವರಿಗೆ ಅಲರ್ಜಿ. ದನಿ ಒಡೆಯುವುದನ್ನು ಅವರು ದೋಷವೆಂದೇ ಬಗೆದರು. 1960ರಲ್ಲಿ ಬಂದ ಅವರ ಬಿ-15, ಕೆಲಸ ಮುಗಿದ ಮೇಲೆ ತಲೆಕೆಳಗು ಮಾಡಿ ಪೆಟ್ಟಿಗೆಯೊಳಗೇ ಮಡಚಿಡಬಹುದಾದ 25 ವ್ಯಾಟ್‌ನ ಪುಟ್ಟ ಆಂಪ್. ಜೆಸ್ ಆಲಿವರ್ ರೂಪಿಸಿದ್ದು. ಅಮೆರಿಕದ ಸ್ಟುಡಿಯೊಗಳಿಗೆಲ್ಲ ಅದು ಹೊಕ್ಕಿತು.

ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್ ಅವರ ಬಳಿಯೂ ಒಂದು ಬಿ-15 ಇತ್ತು. ಅಲ್ಲಿನ ಧ್ವನಿಮುದ್ರಣ ಕಂಪನಿ ಮೋಟೌನ್ ವೆಸ್ಟ್ ಗ್ರಾಂಡ್ ಬುಲೆವಾರ್ಡ್‌ನ ಒಂದು ಸಾಧಾರಣ ಮನೆಯಲ್ಲಿ ಸ್ಟುಡಿಯೊ ಮಾಡಿಕೊಂಡಿತ್ತು. ವಾದಕರು ಅದಕ್ಕೆ ಹಾವಿನ ಗುಂಡಿ ಎಂದು ಹೆಸರಿಟ್ಟಿದ್ದರು. 1960ರ ದಶಕದಲ್ಲಿ ಅಲ್ಲಿಂದ ಹೊರಟ ಜನಪ್ರಿಯ ಹಾಡುಗಳಲ್ಲಿ ಬಹುಪಾಲಿಗೆ ಬೇಸ್ ಜೇಮರ್ಸನ್ ಅವರದೇ. ಅವರ ಸರಂಜಾಮು ನೋಡಿ: 1962ರ ಒಂದು ಪ್ರಿಸಿಷನ್ ಬೇಸ್, ಲಾ ಬೆಲ್ಲಾ ಕಂಪನಿಯ ದಪ್ಪ ಚಪ್ಪಟೆ ತಂತಿ, ಕುದುರೆಯ ಮುಚ್ಚಳದ ಕೆಳಗೆ ತುರುಕಿದ ಒಂದು ಸ್ಪಂಜಿನ ತುಂಡು. ತಂತಿ ಕಡಿದರೆ ಮಾತ್ರ ಬದಲಾವಣೆ. ಕಡಿಯದಿದ್ದರೆ ವರ್ಷಗಟ್ಟಲೆ ಅದೇ ಜಿಡ್ಡು, ಅದೇ ಕೊಳೆ. ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು, ಡಬಲ್ ಬೇಸಿನ ಕಾಲದಿಂದ ಅದೇ ರೂಢಿ. ಸ್ಟುಡಿಯೊದಲ್ಲಿ ಆಂಪನ್ನೂ ಬಿಟ್ಟು ವಾದ್ಯದ ಕೇಬಲ್ಲನ್ನು ನೇರ ಮಿಕ್ಸರಿಗೇ ಸಿಕ್ಕಿಸುತ್ತಿದ್ದರು.

ಮೋಟೌನಿನ ಗ್ರಾಮಫೋನ್ ಫಲಕಗಳ ಮೇಲೆ ವಾದಕರ ಹೆಸರು ಹಾಕುತ್ತಿರಲಿಲ್ಲ. ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನ ಹೊದಿಕೆಯ ಮೇಲೆ ಜೇಮರ್ಸನ್ ಹೆಸರು ಅಚ್ಚಾಗುವ ಹೊತ್ತಿಗೆ ಅವರ ನುಡಿಸಾಣಿಕೆಯನ್ನು ಜಗತ್ತು ಹತ್ತು ವರ್ಷ ಗುನುಗಿತ್ತು, ವಾದಕ ಯಾರೆಂದು ಕೇಳದೆ. ಮರುವರ್ಷ ಕಂಪನಿ ಲಾಸ್ ಏಂಜಲಿಸ್‌ಗೆ ಗಂಟುಮೂಟೆ ಕಟ್ಟಿತು. ಹಿಂದೆಯೇ ಹೋದ ಜೇಮರ್ಸನ್ ಅವರಿಗೆ ಅಲ್ಲಿ ನೆಲೆ ಸಿಗಲಿಲ್ಲ. ಕುಡಿತ ಹೆಚ್ಚಿತು, ಕರೆಗಳು ಕಡಿಮೆಯಾದವು. 1983ರ ಆಗಸ್ಟಿನಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಕೆಲವೇ ದಿನ ಮೊದಲು ಆ 1962ರ ಬೇಸ್ ಕಳುವಾಯಿತು. ಇವತ್ತಿಗೂ ಪತ್ತೆಯಿಲ್ಲ. ಅವರು ಬಳಸುತ್ತಿದ್ದ ತಂತಿಯ ಅಳತೆಯ ಸೆಟ್ಟನ್ನು ಮಾತ್ರ ಈಗ ಅವರ ಹೆಸರು ಹೇಳಿಯೇ ಮಾರುತ್ತಾರೆ. ತಂದ ಹವ್ಯಾಸಿ ಮೂರು ತಿಂಗಳಿಗೆ ಬೇಸತ್ತು ಬೇರೆ ಸೆಟ್ ಹಾಕುತ್ತಾನೆ. ಜೇಮರ್ಸನ್ ನಾದಕ್ಕೆ ಬೇಕಾದ ಮುಖ್ಯ ಸಾಮಗ್ರಿ ಬದಲಿಸದೆ ಇರುವುದು, ಅದಂತೂ ಅಂಗಡಿಯಲ್ಲಿ ಸಿಗುವುದಿಲ್ಲ.

ಇದಕ್ಕೆ ಪೂರಾ ತದ್ವಿರುದ್ಧ ಮಡಿ ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಅವರದು. ಅವರದೂ ಪ್ರಿಸಿಷನ್ ಬೇಸೇ, ಚಪ್ಪಟೆ ತಂತಿಯೇ. ಆದರೆ ಪ್ರತಿ ಕಾರ್ಯಕ್ರಮಕ್ಕೂ ಹೊಸ ಸೆಟ್ ಬೇಕು. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಾಲನ್ನು ಸ್ಪೀಕರಿನ ಮೇಲಿಟ್ಟು ಅವರು ನುಡಿಸಿದ್ದನ್ನು ಕಂಡವರಿಗೆ, ಒಂದೇ ವಾದ್ಯ ಒಂದೇ ಜಾತಿಯ ತಂತಿ ಇಟ್ಟುಕೊಂಡು ಇಬ್ಬರು ಎಷ್ಟು ದೂರ ಹೋಗಬಹುದೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ಬ್ರಿಟನ್ನಿನಲ್ಲಿ ತಾಪತ್ರಯ ಇನ್ನೊಂದು ಬಗೆಯದು, ಅಲ್ಲಿ ಅಮೆರಿಕದ ಸಾಮಾನು ತುಟ್ಟಿ. 1961ರಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಬೀಟಲ್ಸ್ ತಂಡ ಬಿಟ್ಟಾಗ ಬೇಸ್ ಹಿಡಿಯಲು ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ ಅದು ಪಾಲ್ ಮೆಕಾರ್ಟ್ನಿ ಕೊರಳಿಗೆ ಬಿತ್ತು. ಹ್ಯಾಂಬರ್ಗಿನ ಅಂಗಡಿಯಲ್ಲಿ ಸುಮಾರು 30 ಪೌಂಡಿಗೆ ಸಿಕ್ಕ ಹಾಫ್ನರ್ ಬೇಸ್ ಪಿಟೀಲಿನ ಆಕಾರದ್ದು. ಎರಡೂ ಕಡೆ ಒಂದೇ ರೂಪವಿದ್ದುದರಿಂದ ಎಡಗೈಯ ಮೆಕಾರ್ಟ್ನಿ ಹಿಡಿದರೂ ತಿರುಗುಮುರುಗಾಗಿ ಕಾಣುತ್ತಿರಲಿಲ್ಲ. ಅಗ್ಗ, ಹಗುರ, ನೋಡಲು ಅಡ್ಡಿಯಿಲ್ಲ, ಇಷ್ಟೇ ಕಾರಣ. 1972ರಲ್ಲಿ ಕಳುವಾದ ಆ ಹಾಫ್ನರ್ ಐವತ್ತು ವರ್ಷದ ಮೇಲೆ ಇಂಗ್ಲೆಂಡಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕಿ ಒಡೆಯನ ಕೈ ಸೇರಿದ ಸುದ್ದಿ ಹೊರಬಿದ್ದದ್ದು 2024ರಲ್ಲಿ. ಬೀಟಲ್ಸ್‌ನ ಆರಂಭದ ಫಲಕಗಳಲ್ಲಿ ಬೇಸ್ ತೀರ ಸಣ್ಣಗೆ ಕೇಳಿಸುವುದಕ್ಕೆ ವಾದ್ಯ ಕಾರಣವಲ್ಲ. ತಗ್ಗಿನ ಸ್ವರ ಜೋರಾದರೆ ಜನರ ಮನೆಯ ಗ್ರಾಮಫೋನಿನ ಮುಳ್ಳು ಹಾರುತ್ತದೆಂದು ಇಎಂಐ ಸ್ಟುಡಿಯೊ ಹೆದರುತ್ತಿತ್ತು. 1966ರ ‘ಪೇಪರ್‌ಬ್ಯಾಕ್ ರೈಟರ್’ ಮುದ್ರಣದಲ್ಲಿ ಎಂಜಿನಿಯರುಗಳು ಬೇಸ್ ಆಂಪಿನ ಎದುರಿಗೆ ಒಂದು ದೊಡ್ಡ ಸ್ಪೀಕರನ್ನೇ ಮೈಕಿನಂತೆ ಇಟ್ಟು ದನಿ ಹಿಡಿದರು. ಅಮೆರಿಕದ ಫಲಕಗಳ ಬೇಸ್ ಕೇಳಿ ಹುಟ್ಟಿದ ಹೊಟ್ಟೆಕಿಚ್ಚು ಅದರ ಹಿಂದಿತ್ತು.

ದಿ ಹೂ ತಂಡದ ಜಾನ್ ಎಂಟ್‌ವಿಸಲ್ ಅವರ ಕಷ್ಟ ತಂತಿಯದು. 1965ರ ‘ಮೈ ಜನರೇಷನ್’ ಹಾಡಿಗೆ ಅವರು ಡಾನ್‌ಎಲೆಕ್ಟ್ರೊ ಬೇಸ್ ಬಳಸಹೊರಟರು. ತಂತಿ ಕಡಿಯಿತು, ಬಿಡಿ ತಂತಿ ಲಂಡನ್ನಿನಲ್ಲೆಲ್ಲೂ ಇಲ್ಲ. ತಂತಿಗೋಸ್ಕರ ಇನ್ನೊಂದು ಬೇಸ್ ಕೊಂಡರು, ಅದರದೂ ಕಡಿಯಿತು! ಕೊನೆಗೆ ಫೆಂಡರಿನಲ್ಲೇ ಕೆಲಸ ಮುಗಿಸಿದರು. ಮರುವರ್ಷ ರೋಟೊಸೌಂಡ್ ಕಂಪನಿಯ ಜೇಮ್ಸ್ ಹೌ ಜೊತೆ ಕೂತು, ಪಿಯಾನೊ ತಂತಿಯ ಹಾಗೆ ಝಣಗುಡುವ ಗುಂಡು ಸುತ್ತಿನ ತಂತಿ ಮಾಡಿಸಿದರು. ಇವತ್ತು ಹೊಸ ಬೇಸ್ ಕೊಂಡರೆ ಸಾಮಾನ್ಯವಾಗಿ ಅದರ ಮೇಲಿರುವುದು ಆ ಜಾತಿಯ ತಂತಿಯೇ.

ಹೆಬ್ಬೆರಳಿನಿಂದ ತಂತಿಗೆ ಬಡಿಯುವ ಸ್ಲ್ಯಾಪ್ ಶೈಲಿಯ ಕಥೆಯನ್ನು ಅದನ್ನು ರೂಢಿಗೆ ತಂದ ಲ್ಯಾರಿ ಗ್ರಹಾಂ ಅವರೇ ಎಷ್ಟೋ ಸಲ ಹೇಳಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕ್ಲಬ್ಬುಗಳಲ್ಲಿ ತಾಯಿಯ ಜೊತೆ ನುಡಿಸುತ್ತಿದ್ದಾಗ ಆರ್ಗನ್ ಕೆಟ್ಟಿತು, ತಾತ್ಕಾಲಿಕಕ್ಕೆ ಬಾಡಿಗೆ ಬೇಸ್ ತಂದರು. ಆಮೇಲೆ ಡ್ರಮ್ ಬಾರಿಸುವವರೂ ಇಲ್ಲವಾದರು. ಆ ಕೊರತೆ ತುಂಬಲು ತಂತಿಯನ್ನೇ ಬಡಿಯತೊಡಗಿದರು. ಹಾಡುಗಳಿಗಿಂತ ವಾದ್ಯದಂಗಡಿಗಳಲ್ಲಿ ಆ ಬಡಿತ ಈಗ ಹೆಚ್ಚು ಕೇಳುತ್ತದೆಂಬುದು ಬೇರೆ ಮಾತು.

ಫ್ರೆಟ್ ಇಲ್ಲದ ಬೇಸ್ ಕೂಡ ಹೀಗೇ ಬಂತು. ರೋಲಿಂಗ್ ಸ್ಟೋನ್ಸ್‌ನ ಬಿಲ್ ವೈಮನ್ 1960ರ ದಶಕದ ಆರಂಭದಲ್ಲಿ ತಮ್ಮ ಅಗ್ಗದ ಬೇಸಿನ ಫ್ರೆಟ್ಟುಗಳನ್ನು ಕಿತ್ತದ್ದು ಹೊಸವು ಹಾಕುವ ಯೋಚನೆಯಿಂದ. ನಾದ ಹಿಡಿಸಿತು, ಹಾಗೇ ಬಿಟ್ಟರು. ಫ್ಲಾರಿಡಾದ ಜೇಕೊ ಪ್ಯಾಸ್ಟೋರಿಯಸ್ ಅವರ ಡಬಲ್ ಬೇಸ್ ಅಲ್ಲಿನ ಕಡಲ ತೇವಕ್ಕೆ ಬಿರುಕು ಬಿಟ್ಟಿತು. ಅವರು ತಮ್ಮ 1962ರ ಫೆಂಡರ್ ಜಾಜ್ ಬೇಸಿನ ಫ್ರೆಟ್ ತೆಗೆದು, ಸಂದುಗಳಿಗೆ ಮರದ ಪುಟ್ಟಿ ತುಂಬಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದರು. 1976ರಲ್ಲಿ ಬಂದ ಅವರ ಮೊದಲ ಆಲ್ಬಮ್ ಕೇಳಿ ಬೇಸ್ ವಾದಕರು ಬೆಕ್ಕಸಬೆರಗಾದರು. ಹತ್ತು ವರ್ಷದ ಮೇಲೆ ನ್ಯೂಯಾರ್ಕಿನಲ್ಲಿ ಆ ವಾದ್ಯ ಕಳುವಾಯಿತು, 1987ರಲ್ಲಿ ಜೇಕೊ ತೀರಿಕೊಂಡರು. 2000ದ ದಶಕದಲ್ಲಿ ಮತ್ತೆ ಕಾಣಿಸಿಕೊಂಡ ಬೇಸನ್ನು ಬಿಡಿಸಿ ತರಲು ಹಣ ಕೊಟ್ಟವರು ಮೆಟಾಲಿಕಾದ ರಾಬರ್ಟ್ ಟ್ರುಹಿಯೊ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದ ಮಳೆ ಕೆಸರಿನ ನಡುವೆ ಮೆಟಾಲಿಕಾ ನುಡಿಸಿದಾಗ ಬೆಂಗಳೂರು ಕೇಳಿದ ಬೇಸ್ ಟ್ರುಹಿಯೊ ಅವರದೇ.

ಇನ್ನು ವೇದಿಕೆ. 1965ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಐವತ್ತೈದು ಸಾವಿರ ಜನರೆದುರು ಬೀಟಲ್ಸ್ ನುಡಿಸಿದಾಗ ಬೇಸ್‌ಗೆ ಇದ್ದ ಆಧಾರ ಹಿಂದಿಟ್ಟಿದ್ದ 100 ವ್ಯಾಟಿನ ವಾಕ್ಸ್ ಆಂಪ್ ಒಂದೇ. ಹಾಡುವ ದನಿ ಮೈದಾನದ ಪ್ರಕಟಣೆಯ ಸ್ಪೀಕರುಗಳಲ್ಲಿ ಬರುತ್ತಿತ್ತು. 1969ರಲ್ಲಿ ಆಂಪೆಗ್ 300 ವ್ಯಾಟಿನ ಎಸ್‌ವಿಟಿ ತಂದಿತು. ಸ್ಟೋನ್ಸ್ ಆ ವರ್ಷದ ಅಮೆರಿಕ ಪ್ರವಾಸಕ್ಕೆ ಅದನ್ನೇ ಹೇರಿಕೊಂಡು ಹೋದರು. ಆಂಪ್ ಒಂದೇ ಸುಮಾರು 40 ಕಿಲೊ. ಹತ್ತಿಂಚಿನ ಎಂಟು ಸ್ಪೀಕರುಗಳಿರುವ ಅದರ ಪೆಟ್ಟಿಗೆಗೆ ವಾದಕರು ಇಟ್ಟ ಹೆಸರು ಫ್ರಿಜ್. 1974ರಲ್ಲಿ ಗ್ರೇಟ್‌ಫುಲ್ ಡೆಡ್ ತಂಡ ವೇದಿಕೆಯ ಹಿಂದೆ ಸುಮಾರು 75 ಟನ್ ತೂಕದ ಸ್ಪೀಕರುಗಳ ಗೋಡೆಯನ್ನೇ ಎಬ್ಬಿಸಿತು. ಫಿಲ್ ಲೆಶ್ ಬಯಸಿದರೆ ಬೇಸಿನ ನಾಲ್ಕು ತಂತಿಗಳನ್ನು ನಾಲ್ಕು ಬೇರೆಬೇರೆ ಸ್ಪೀಕರು ಸಾಲುಗಳಿಗೆ ಕಳಿಸಬಹುದಿತ್ತು. ಕೇಳಿದವರು ಇಂದಿಗೂ ಹೊಗಳುತ್ತಾರೆ, ಖರ್ಚು ತಾಳಲಾರದೆ ತಂಡ ಅದೇ ವರ್ಷ ಕೈಬಿಟ್ಟಿತು. 1976ರ ಮೇ 31ರಂದು ಲಂಡನ್ನಿನ ಚಾರ್ಲ್ಟನ್ ಮೈದಾನದಲ್ಲಿ ದಿ ಹೂ ತಂಡದ ಸದ್ದು 32 ಮೀಟರ್ ದೂರದಲ್ಲಿ 126 ಡೆಸಿಬಲ್ ಇತ್ತು. ಗಿನ್ನೆಸ್ ಅದನ್ನು ದಾಖಲಿಸಿತು. ಕಿವಿಗೆ ಕೇಡೆಂದು ಆಮೇಲೆ ಆ ವಿಭಾಗವನ್ನೇ ತೆಗೆಯಿತು. ಎಂಟ್‌ವಿಸಲ್ ಕೊನೆಗಾಲದಲ್ಲಿ ಹೆಚ್ಚುಕಡಿಮೆ ಕಿವುಡರಾಗಿದ್ದರು.

ಕನ್ನಡದ ಕಿವಿ ಬೇಸ್ ಗಿಟಾರಿಗೆ ಒಗ್ಗಿದ್ದು ಮೈದಾನಗಳಿಗಿಂತ ಮೊದಲು ಸಿನಿಮಾದಿಂದ. ಶಂಕರ್ ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳಿಗೆ ಇಳಯರಾಜ ಕೊಟ್ಟ ಹಾಡುಗಳಲ್ಲಿ ಬೇಸ್ ಬರಿಯ ತಾಳದ ಒತ್ತಲ್ಲ, ಹಾಡುವ ದನಿಯ ಬೆನ್ನಿಗೆ ತನ್ನದೇ ದಾರಿ ಹಿಡಿದು ನಡೆಯುತ್ತದೆ. ಆದರೆ ಆ ಹಾಡುಗಳನ್ನು ನಾಡು ಕೇಳಿದ್ದು ಟ್ರಾನ್ಸಿಸ್ಟರಿನಲ್ಲಿ. ಅಂಗೈಯಗಲದ ಸ್ಪೀಕರಿಗೆ 41 ಕಂಪನದ ಸ್ವರ ಹೊರಡಿಸುವ ತಾಕತ್ತಿಲ್ಲ, ಮೇಲಿನ ಅನುಸ್ವರಗಳಷ್ಟೇ ಹೊರಬೀಳುತ್ತವೆ. ಇಯರ್‌ಫೋನ್ ಸಿಕ್ಕಿಸಿಕೊಂಡ ಇವತ್ತಿನ ಹುಡುಗರು ಆ ಬೇಸನ್ನು ತಮ್ಮ ತಂದೆತಾಯಿಗಿಂತ ಚೆನ್ನಾಗಿ ಬಲ್ಲರು.

ಈಗ ಬೇಸಿನ ದನಿ ವೇದಿಕೆಯಿಂದ ಒಂದು ಸಣ್ಣ ಡಿಐ ಪೆಟ್ಟಿಗೆಯ ಮೂಲಕ ನೇರ ಮಿಕ್ಸರಿಗೆ ಹೋಗುತ್ತದೆ, ಜನರಿಗೆ ಮುಟ್ಟಿಸುವುದು ಸೌಂಡ್ ಎಂಜಿನಿಯರರ ಜವಾಬ್ದಾರಿ. ಎರಡು ಮೂರು ಕಿಲೊ ತೂಗುವ ಕ್ಲಾಸ್-ಡಿ ಆಂಪ್ 500 ವ್ಯಾಟ್ ಕೊಡುತ್ತದೆ. ಅದನ್ನೂ ತಾರದೆ ಕಿವಿಯೊಳಗಿನ ಮಾನಿಟರಿನಲ್ಲೇ ಕೆಲಸ ಮುಗಿಸುವವರಿದ್ದಾರೆ. ಬೆನ್ನುಮೂಳೆಗೆ ಇದರಷ್ಟು ದೊಡ್ಡ ಉಪಕಾರ ಬೇರಿಲ್ಲ. ಆದರೂ ವೇದಿಕೆಯ ಮೇಲೆ ಮೊಣಕಾಲಿನ ಹಿಂದೆ ಗಾಳಿ ನೂಕುವ ಪೆಟ್ಟಿಗೆ ಇಲ್ಲದೆ ನುಡಿಸುವುದು ಸಪ್ಪೆ ಎನ್ನುವ ಹವ್ಯಾಸಿಗಳ ಮಾತನ್ನು ತಳ್ಳಿಹಾಕುವಂತಿಲ್ಲ, ಅಷ್ಟು ತಗ್ಗಿನ ಸ್ವರವನ್ನು ಕಿವಿಗಿಂತ ಮೈಯೇ ಮೊದಲು ಗುರುತಿಸುತ್ತದೆ. ಒಪ್ಪಲು ಕಷ್ಟವಾಗುವುದು ಇನ್ನೊಂದು ಚಾಳಿ. ಹಳೆಯ ಆಂಪುಗಳ ದನಿಯನ್ನು ಅನುಕರಿಸುವ ಪೆಡಲ್ಲುಗಳೂ ಸಾಫ್ಟ್‌ವೇರುಗಳೂ ಈಗ ಹೇರಳ. ಅವುಗಳಲ್ಲಿ ಬಿ-15ರ ನಕಲಿಗೆ ಸದಾ ಬೇಡಿಕೆ. ಯಾವ ನಕಲು ಎಷ್ಟು ಸೊಗಸಾಗಿ ಒಡೆಯುತ್ತದೆ, ಯಾವುದರ ಗೊರಗು ಹೆಚ್ಚು ಬೆಚ್ಚಗಿದೆ ಎಂದು ಹವ್ಯಾಸಿಗಳು ರಾತ್ರಿಯೆಲ್ಲ ವಾದಿಸುತ್ತಾರೆ. ದನಿ ಒಡೆಯಲೇಕೂಡದೆಂದು ಎವರೆಟ್ ಹಲ್ ಹಟ ಹಿಡಿದು ಮಾಡಿಸಿದ ಆಂಪ್ ಅದು.