ಕೇಪಿನ ಕೋವಿ: ನಳಿಗೆ ಬಾಯಿಂದ ಮದ್ದು ತುಂಬುವ ವಿಧಾನದ ಅನುಕೂಲ, ಅಪಾಯಗಳೇನು?

ಮಲೆನಾಡು ಮತ್ತು ಕೊಡಗಿನ ಕೃಷಿಕರ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಬಂದೂಕುಗಳಿವೆ. ಒಂದು, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಇನ್ನೊಂದು, ನಳಿಗೆಯ ಹಿಂಬದಿಯಲ್ಲಿ ಸಿದ್ಧ ತೋಟಾ ಹಾಕುವ ತೋಟಾ ಕೋವಿ. ಖರ್ಚು, ವೇಗ, ಸುರಕ್ಷತೆ, ಪರವಾನಗಿ ಎಲ್ಲದರಲ್ಲೂ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ತುಂಬುವುದು ಹೇಗೆ?
ಕೇಪಿನ ಕೋವಿಗೆ ಮೊದಲು ಕರಿಮದ್ದು, ನಂತರ ನಾರಿನ ಬಿಗಿ, ಅದರ ಮೇಲೆ ಚರೆ ಹಾಕಿ ಗಜದಿಂದ ಜಡಿಯುತ್ತಾರೆ. ಹಾರಿಸುವ ಮುನ್ನ ಹಿಂಬದಿಯಲ್ಲಿ ಕೇಪು ಕೂರಿಸುತ್ತಾರೆ. ಕುದುರೆ ಬಡಿದಾಗ ಕೇಪು ಸಿಡಿದು ಮದ್ದಿಗೆ ಕಿಡಿ ತಗಲುತ್ತದೆ. 1857ರ ದಂಗೆಗೆ ಕಿಡಿ ಹೊತ್ತಿಸಿದ ಎನ್‌ಫೀಲ್ಡ್ ಬಂದೂಕು ಕೂಡ ಬಾಯಿಂದ ತುಂಬುವಂಥದ್ದೇ. ಸಿಪಾಯಿಗಳು ಹಲ್ಲಿನಿಂದ ಕಚ್ಚಬೇಕಿದ್ದ ಕಾಗದದ ತೋಟಾಕ್ಕೆ ಹಂದಿ, ದನದ ಕೊಬ್ಬು ಸವರಲಾಗಿದೆ ಎಂಬ ಸುದ್ದಿಯೇ ಆಕ್ರೋಶಕ್ಕೆ ಕಾರಣವಾಗಿತ್ತು.

ಅನುಕೂಲಗಳು
* ರಚನೆ ಸರಳ. ಕೆಡುವ ಭಾಗಗಳು ಕಡಿಮೆ.
* ಕಾರ್ಖಾನೆಯ ದುಬಾರಿ ತೋಟಾ ಬೇಕಿಲ್ಲ.
* ಬೆದರಿಸಲು ಒಂದು ಸದ್ದು ಸಾಕಾದರೆ ಚರೆ ಹಾಕದೆಯೂ ಹಾರಿಸಬಹುದು.

ಅನನುಕೂಲಗಳು
* ನುರಿತ ಸೈನಿಕನೂ ನಿಮಿಷಕ್ಕೆ ಸುಮಾರು 3 ಗುಂಡು ಮಾತ್ರ ಹಾರಿಸಬಲ್ಲವನಾಗಿದ್ದ. ಮೊದಲ ಈಡು ತಪ್ಪಿದರೆ ಎರಡನೆಯದಕ್ಕೆ ಸಮಯ ಸಿಗುವುದು ಕಷ್ಟ.
* ಕರಿಮದ್ದು ತೇವ ಹೀರುತ್ತದೆ. ಮಳೆಗಾಲದಲ್ಲಿ ಈಡು ಹಾರದಿರಬಹುದು, ತಡವಾಗಿಯೂ ಹಾರಬಹುದು.
* ಕೋವಿ ತುಂಬಿದೆಯೇ ಎಂಬುದು ಹೊರಗಿನಿಂದ ಕಾಣದು. ಮರೆತು ಎರಡನೇ ಸಲ ತುಂಬಿದರೆ ನಳಿಗೆಯೇ ಸಿಡಿಯಬಹುದು.
* ತುಂಬಿದ ಮದ್ದನ್ನು ಹೊರತೆಗೆಯುವುದು ಕಷ್ಟ. ಹಾಗಾಗಿ ತುಂಬಿದ ಕೋವಿ ಗೋಡೆಯಲ್ಲೇ ಉಳಿಯುವುದುಂಟು. ತೋಟಾ ಕೋವಿಯಾದರೆ ತೆರೆದು ನೋಡಿ, ತೋಟಾ ತೆಗೆದಿಟ್ಟರೆ ಮುಗಿಯಿತು.

ಕಾನೂನು ಏನು ಹೇಳುತ್ತದೆ?
1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿಯನ್ನೇ ಹೆಸರಿಸುತ್ತದೆ. ಬೆಳೆ ಕಾಯಲು ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಬಂದೂಕಿಗೂ ಪರವಾನಗಿ ನೀಡಬಹುದು. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷಗಳಿಗೆ ವಿಸ್ತರಿಸಿದ್ದು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಗಮನಿಸಿ
ಕೋವಿಯನ್ನು ಸದಾ ತುಂಬಿದೆ ಎಂದೇ ಭಾವಿಸಬೇಕು. ಮನೆಗೆ ತರುವ ಮುನ್ನ ಕೇಪು ತೆಗೆಯಬೇಕು. ಆದರೆ ಕೇಪು ತೆಗೆದ ಮಾತ್ರಕ್ಕೆ ಕೋವಿ ಖಾಲಿಯಾಗದು. ಗಜ ಇಳಿಸಿ ಆಳ ನೋಡುವಾಗಲೂ ಮುಖ, ಕೈ ನಳಿಗೆಯ ನೇರಕ್ಕೆ ಇರಬಾರದು. ಬೆಳೆ ರಕ್ಷಣೆಯ ಪರವಾನಗಿ ಬೇಟೆಗೆ ಅನುಮತಿಯಲ್ಲ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೋವಿ ಯಾವುದೇ ಇರಲಿ, ಅನ್ವಯಿಸುತ್ತದೆ.