ಖುಕ್ರಿಯ ನೆನಪು

ರಣದಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲಿಸುವುದು ನಮ್ಮ ನಾಡಿನ ಹಳೆಯ ರೂಢಿ. ಊರ ಮುಂದೆಯೋ ಕೆರೆಯ ಏರಿಯ ಮೇಲೆಯೋ ಆ ಕಲ್ಲು ನಿಂತಿರುತ್ತದೆ. ದಾರಿಹೋಕನು ಕೈಮುಗಿದು ಮುಂದೆ ಸಾಗುತ್ತಾನೆ. ಆದರೆ ನಡುಗಡಲಿನಲ್ಲಿ ಮಡಿದವನಿಗೆ ಕಲ್ಲನ್ನು ಎಲ್ಲಿ ನೆಡುವುದು? ಗುಜರಾತಿನ ದಕ್ಷಿಣ ತೀರಕ್ಕೆ ಹೊಂದಿಕೊಂಡಿರುವ ದಿಯು ದ್ವೀಪದಲ್ಲಿ ಈ ಪ್ರಶ್ನೆಗೆ ಒಂದು ಉತ್ತರವುಂಟು.

1971ರ ಡಿಸೆಂಬರ್ 3ರಂದು ಪಾಕಿಸ್ತಾನದೊಡನೆ ಯುದ್ಧ ಮೊದಲಾಯಿತು. ಶತ್ರುವಿನ ಜಲಾಂತರ್ಗಾಮಿಯೊಂದು ದಿಯುವಿನಾಚೆ ಅಡಗಿರುವ ಸುಳಿವು ದೊರೆತು, ಅದನ್ನು ಹುಡುಕಿ ಹೊಡೆಯಲು 'ಖುಕ್ರಿ', 'ಕೃಪಾಣ್' ಎಂಬ ಯುದ್ಧನೌಕೆಗಳು ಹೊರಟವು. ಖುಕ್ರಿಯ ನಾಯಕರು ನಲವತ್ತೈದು ವಯಸ್ಸಿನ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ. ಡಿಸೆಂಬರ್ 9ರ ರಾತ್ರಿ, ಬೇಟೆಗೆ ಹೊರಟ ಹಡಗೇ ಬೇಟೆಗೆ ಸಿಕ್ಕಿತು. 'ಹಂಗೋರ್' ಎಂಬ ಆ ಜಲಾಂತರ್ಗಾಮಿಯ ಶೋಧಕ ಯಂತ್ರಗಳು ಖುಕ್ರಿಯವಕ್ಕಿಂತ ಹೊಸವು, ಹೆಚ್ಚು ದೂರದವರೆಗೆ ಗುರುತಿಸಬಲ್ಲವು. ಟಾರ್ಪಿಡೊ ಬಡಿದ ಕೆಲವೇ ನಿಮಿಷಗಳಲ್ಲಿ ಖುಕ್ರಿ ಮುಳುಗಿತು.

ಆ ನಿಮಿಷಗಳನ್ನು ಕುರಿತು ಬದುಕಿ ಬಂದವರು ಹೇಳಿದ್ದಾರೆ. ಹಡಗನ್ನು ತೊರೆಯಲು ಅಪ್ಪಣೆ ಕೊಟ್ಟ ಮುಲ್ಲಾ ಅವರು, ತಮ್ಮ ಲೈಫ್ ಜಾಕೆಟ್ಟನ್ನು ಒಬ್ಬ ನಾವಿಕನಿಗೆ ಕೊಟ್ಟು, ತಾವು ಹಡಗಿನಲ್ಲಿಯೇ ಉಳಿದರು. ಹಡಗಿನೊಡನೆ ನಾಯಕನೂ ಮುಳುಗಬೇಕೆಂಬ ಕಟ್ಟಳೆಯೇನೂ ಇಲ್ಲ. ಆದರೆ ಕೆಳಗಿನ ಅಂತಸ್ತುಗಳಲ್ಲಿ ಎಷ್ಟೋ ಮಂದಿ ಸಿಕ್ಕಿಕೊಂಡಿದ್ದರು. ಅವರನ್ನು ಬಿಟ್ಟು ಹೊರಡಲು ಆ ಮನಸ್ಸು ಒಪ್ಪಲಿಲ್ಲವೆಂದು ತೋರುತ್ತದೆ. ಅಂದು ಅಳಿದವರು 18 ಅಧಿಕಾರಿಗಳು, 176 ನಾವಿಕರು. ಉಳಿದವರು 67 ಮಂದಿ. ಮುಲ್ಲಾ ಅವರಿಗೆ ಮರಣಾನಂತರ ಮಹಾವೀರ ಚಕ್ರ ಸಂದಿತು.

ಇಪ್ಪತ್ತೆಂಟು ವರ್ಷಗಳ ತರುವಾಯ, 1999ರ ಡಿಸೆಂಬರಿನಲ್ಲಿ, ದಿಯುವಿನ ಕಡಲಂಚಿನ ದಿಬ್ಬದ ಮೇಲೆ ಸ್ಮಾರಕವೊಂದು ಅನಾವರಣಗೊಂಡಿತು. ಗಾಜಿನ ಮನೆಯೊಳಗೆ ಖುಕ್ರಿಯ ಮಾದರಿಯನ್ನು ಇರಿಸಿದ್ದಾರೆ. ಇದು ಬಹು ಉಚಿತವಾದ ಕಲ್ಪನೆ. ನಾಯಕರನ್ನು ನೆನೆಯಬಂದವನು ಹಡಗನ್ನು ನೋಡಬೇಕು. ಹಡಗನ್ನು ನೋಡಿದವನು 194 ಮಂದಿಯನ್ನೂ ನೆನೆಯಬೇಕು. ತಮ್ಮವರಿಂದ ಅಗಲಲು ಒಪ್ಪದ ನಾಯಕರನ್ನು ಸ್ಮಾರಕವೂ ಅಗಲಿಸಿಲ್ಲ. ಅದೇ ಹೆಸರನ್ನು ಹೊತ್ತು 1989ರಿಂದ 2021ರವರೆಗೆ ಸೇವೆ ಸಲ್ಲಿಸಿದ ಎರಡನೆಯ ಖುಕ್ರಿಯನ್ನೂ, ನಿವೃತ್ತಿಯ ಬಳಿಕ, 2022ರ ಜನವರಿಯಲ್ಲಿ ದಿಯುವಿಗೆ ಒಪ್ಪಿಸಲಾಯಿತು.

ಹಡಗು ಮುಳುಗಿದ ಎಡೆ ಅಲ್ಲಿಂದ ಸುಮಾರು 40 ನಾವಿಕ ಮೈಲಿಗಳಾಚೆ ಇದೆ, ಕಣ್ಣಿಗೆ ನಿಲುಕದು. ಮನೆಯವನ ಅಂತ್ಯದರ್ಶನವೂ ದೊರೆಯದ ಎಷ್ಟೋ ತಾಯಂದಿರಿಗೆ, ಮಡದಿಯರಿಗೆ, ಮಕ್ಕಳಿಗೆ, ಆ ಕಡೆಗೆ ಮುಖಮಾಡಿ ಕೈಮುಗಿದು ನಿಲ್ಲಲು ಒಂದು ಹಿಡಿ ನೆಲ ಬೇಕಾಗಿತ್ತು. ಆ ದಿಬ್ಬ ಅದನ್ನು ಕೊಟ್ಟಿದೆ.